ಆರು ನಿಮಿಷದ ನಡಿಗೆ ಹೇಳುವುದೇನು?

ಹೃದಯ ವೈಫಲ್ಯ ಎಂದ ಕೂಡಲೇ ಹೃದಯ ನಿಂತೇಹೋಯಿತು ಅಂದುಕೊಳ್ಳಬೇಡಿ. ಅದು ಬಡಿಯುತ್ತಲೇ ಇರುತ್ತದೆ, ಆದರೆ ಮೈಗೆ ಬೇಕಾದಷ್ಟು ರಕ್ತ ದೂಡಲಾರದು. ಕಾಲು ಬಾತುಕೊಳ್ಳುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಆಸ್ಪತ್ರೆ ಸೇರಿ, ನೀರಿಳಿಸುವ ಔಷಧಿ ಪಡೆದು, ಚೇತರಿಸಿಕೊಂಡು ಮನೆಗೆ ಹೋದವರು ಕೆಲವೇ ವಾರಗಳಲ್ಲಿ ಅದೇ ವಾರ್ಡಿಗೆ ಮರಳುವುದುಂಟು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ದಾಖಲೆಗಳನ್ನು ಆಧರಿಸಿ 2009ರಲ್ಲಿ ಬಂದ ಅಧ್ಯಯನದ ಪ್ರಕಾರ, ಇಂಥವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ 30 ದಿನಗಳೊಳಗೆ ಮತ್ತೆ ಅಡ್ಮಿಟ್ ಆಗಿದ್ದರು. ಯಾರಿಗೆ ಅಪಾಯ ಹೆಚ್ಚೆಂದು ಮೊದಲೇ ಊಹಿಸಬಹುದೇ?

ಊಹೆಗೆ ನೆರವಾಗುವ ಪರೀಕ್ಷೆಗಳಲ್ಲಿ ಒಂದು ಬಹಳ ಅಗ್ಗದ್ದು. ರೋಗಿ ಆರು ನಿಮಿಷ ನಡೆಯಬೇಕು, ನಾವು ದೂರ ಅಳೆಯಬೇಕು. ಕೆನಡಾದ ವೈದ್ಯ ಗಯಾಟ್ ಮತ್ತು ಸಂಗಡಿಗರು 1985ರಲ್ಲೇ ಇದನ್ನು ಹೃದಯ ವೈಫಲ್ಯದವರಲ್ಲಿ ಪರೀಕ್ಷಿಸಿ ನೋಡಿದ್ದರು.

ಸುಲಭವಾಗಿ ಕಾಣುವುದರಿಂದಲೇ ಇಲ್ಲಿ ಎಡವುವವರು ಹೆಚ್ಚು. ಕಾರಿಡಾರು ಸಮತಟ್ಟಾಗಿರಬೇಕು, 30 ಮೀಟರ್ ಉದ್ದವಿರಬೇಕು. ಚಿಕ್ಕದಾದರೆ ತಿರುಗುವುದರಲ್ಲೇ ಹೊತ್ತು ಹೋಗಿ ದೂರ ಕುಗ್ಗುತ್ತದೆ. ರೋಗಿಯ ಪಕ್ಕದಲ್ಲಿ ನೀವೂ ಹೆಜ್ಜೆ ಹಾಕಬೇಡಿ, ಅವರು ನಿಮ್ಮ ವೇಗಕ್ಕೆ ಹೊಂದಿಕೊಂಡುಬಿಡುತ್ತಾರೆ. ಸುಸ್ತಾದರೆ ನಿಲ್ಲಬಹುದು, ಗೋಡೆಗೆ ಒರಗಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ನಿಮಿಷಕ್ಕೊಮ್ಮೆ ಹೇಳುವ ಉತ್ತೇಜನದ ಮಾತೂ ಎಲ್ಲರಿಗೂ ಒಂದೇ ಇರಬೇಕು. ‘ಇನ್ನೂ ಜೋರಾಗಿ, ಅಜ್ಜ!’ ಎಂದು ಒಬ್ಬರಿಗೆ ಹುರುಪು ತುಂಬಿ ಇನ್ನೊಬ್ಬರ ಹತ್ತಿರ ಸುಮ್ಮನಿದ್ದರೆ, ಅಳತೆಯಲ್ಲಿ ನಿಮ್ಮ ದನಿಯೂ ಸೇರಿಕೊಳ್ಳುತ್ತದೆ. ಆದರೆ ಎದೆನೋವು ಬಂದರೆ ತಕ್ಷಣ ನಿಲ್ಲಿಸಿ. ಕಳೆದ ಒಂದು ತಿಂಗಳಲ್ಲಿ ಹೃದಯಾಘಾತವಾಗಿದ್ದವರನ್ನು ನಡೆಸಲೇಬೇಡಿ.

ಈ ದೂರಕ್ಕೂ ಆಸ್ಪತ್ರೆಗೂ ಏನು ನಂಟು? ಸಾಲ್ವ್‌ಡ್ ಎಂಬ ಅಧ್ಯಯನದ ರೋಗಿಗಳಲ್ಲಿ ಎಂಟುನೂರಕ್ಕೂ ಹೆಚ್ಚು ಜನರನ್ನು ಹೀಗೆ ನಡೆಸಿದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಮುಂದಿನ ಸುಮಾರು ಎಂಟು ತಿಂಗಳಲ್ಲಿ ಹೃದಯ ವೈಫಲ್ಯಕ್ಕೆಂದೇ ಆಸ್ಪತ್ರೆ ಸೇರಿದವರು, 300 ಮೀಟರ್ ಕೂಡ ನಡೆಯಲಾಗದವರಲ್ಲಿ ನೂರಕ್ಕೆ 22. 450 ಮೀಟರ್ ದಾಟಿದವರಲ್ಲಿ ನೂರಕ್ಕೆ ಬರೀ 2. ಇದು ಡಿಸ್ಚಾರ್ಜ್ ಆದ ಮೊದಲ ತಿಂಗಳ ಲೆಕ್ಕವಲ್ಲ, ನೆನಪಿರಲಿ. ಆದರೂ ವ್ಯತ್ಯಾಸ ಸಣ್ಣದಲ್ಲ.

ಎಕೋ ಎಂಬ ಹೃದಯದ ಸ್ಕ್ಯಾನಿನಲ್ಲಿ ಇಬ್ಬರ ಹೃದಯ ಒಂದೇ ಥರ ಕಂಡರೂ ನಡಿಗೆ ಬೇರೆಯಾಗಬಹುದು. ಬಾವಿಯ ಮೋಟಾರು ಓಡುತ್ತಿದೆ ಎಂದಮಾತ್ರಕ್ಕೆ ತೋಟದ ಕೊನೆಯ ಸಾಲಿಗೆ ನೀರು ಮುಟ್ಟಿದೆ ಎಂದಲ್ಲವಲ್ಲ. ನಡೆಯುವಾಗ ಶ್ವಾಸಕೋಶ, ರಕ್ತದ ಹಿಮೋಗ್ಲೋಬಿನ್, ತೊಡೆಯ ಸ್ನಾಯು, ಮನಸ್ಸಿನ ಧೈರ್ಯ ಎಲ್ಲವೂ ಪರೀಕ್ಷೆಗೆ ಒಳಗಾಗುತ್ತವೆ. ನನ್ನ ಮಟ್ಟಿಗೆ ಈ ಪರೀಕ್ಷೆಯ ಬಲವೂ ಇದೇ, ದೌರ್ಬಲ್ಯವೂ ಇದೇ. 280 ಮೀಟರಿಗೇ ನಿಂತ ಅಜ್ಜಿಯನ್ನು ತಡೆದದ್ದು ಹೃದಯವೋ ಮಂಡಿನೋವೋ ಎಂಬುದು ಸಂಖ್ಯೆಯಿಂದ ತಿಳಿಯದು. ಹಾಗಾಗಿ ದೂರದ ಪಕ್ಕದಲ್ಲೇ ನಿಂತ ಕಾರಣವನ್ನೂ ಬರೆದಿಡಿ. ಉಸಿರು ಸಾಲದೆ ನಿಂತಿದ್ದರೆ ಡಿಸ್ಚಾರ್ಜಿಗೆ ಮೊದಲೇ ಡಾಕ್ಟರ ಗಮನಕ್ಕೆ ತನ್ನಿ. ಮೊದಲ ವಾರದಲ್ಲೇ ಮರುಭೇಟಿ, ದಿನವೂ ಬೆಳಿಗ್ಗೆ ತೂಕ ನೋಡುವುದು, ಮಾತ್ರೆ ತಪ್ಪಿಸದಿರುವುದು, ಇವೆಲ್ಲ ರೋಗಿಗೆ ಮಾತ್ರವಲ್ಲದೆ ಅವರನ್ನು ಮನೆಗೆ ಕರೆದೊಯ್ಯುವ ಮಗನಿಗೋ ಸೊಸೆಗೋ ತಿಳಿದಿರಬೇಕು.