ಕೂಸಿನ ಕಣ್ಣಿನಲ್ಲಿ ಕಟ್ಟಿದ ಕಾಲುವೆ

ಅಗಲವಾದ ಕಣ್ಣುಗಳ ಕೂಸನ್ನು ಕಂಡರೆ ನಾವೆಲ್ಲರೂ ಮೆಚ್ಚುತ್ತೇವೆ. ಆದರೆ ಕಣ್ಣಿನ ಹಿರಿದಾದ ಗಾತ್ರವು ಎಲ್ಲ ವೇಳೆಯಲ್ಲಿಯೂ ಸೊಬಗಿನ ಗುರುತಲ್ಲ. ಕೆಲವೊಮ್ಮೆ ಅದು ಗ್ಲಾಕೋಮವೆಂಬ ರೋಗದ ಸೂಚನೆ.

ಕಣ್ಣಿನ ಮುಂಭಾಗದೊಳಗೆ ನೀರಿನಂತೆ ತಿಳಿಯಾದ ರಸವೊಂದು ಸದಾ ಒಸರುತ್ತಿರುತ್ತದೆ. ಇದು ಕಣ್ಣೀರಲ್ಲ. ಮಸೂರಕ್ಕೂ ಕಾರ್ನಿಯಕ್ಕೂ ಪೋಷಣೆಯನ್ನಿತ್ತು, ಕಾರ್ನಿಯವೂ ವರ್ಣಪಟಲವೂ ಕೂಡುವ ಕೋನದಲ್ಲಿರುವ ಜರಡಿಯಂತಹ ಅಂಗಾಂಶದ ಮೂಲಕ ಹೊರಟು ಅದು ರಕ್ತವನ್ನು ಸೇರುತ್ತದೆ. ಗರ್ಭದಲ್ಲಿ ಈ ಜರಡಿಯು ಸರಿಯಾಗಿ ರೂಪುಗೊಳ್ಳದಿದ್ದರೆ ರಸವು ಹೊರಹೋಗಲು ದಾರಿ ಸಾಲದು. ಒಳಗಿನ ಒತ್ತಡವು ಏರಿ, ದೃಷ್ಟಿನರದ ತಂತುಗಳು ಕ್ರಮೇಣ ನಶಿಸುತ್ತವೆ.

ವಯಸ್ಕರ ಕಣ್ಣಿನ ಹೊರಗೋಡೆ ಗಟ್ಟಿ, ಕೂಸಿನದು ಮೆದು. ಆದಕಾರಣ ಸುಮಾರು 3 ವರ್ಷ ತುಂಬುವವರೆಗೆ ಒತ್ತಡಕ್ಕೆ ಕಣ್ಣುಗುಡ್ಡೆಯೇ ಹಿಗ್ಗುತ್ತದೆ. ನವಜಾತ ಶಿಶುವಿನ ಕಾರ್ನಿಯದ ಅಡ್ಡಳತೆ ಸುಮಾರು 10 ಮಿಲಿಮೀಟರು. ಮೊದಲ ವರ್ಷದಲ್ಲಿಯೇ ಅದು 12 ಮಿಲಿಮೀಟರನ್ನು ಮೀರಿದರೆ ವೈದ್ಯರು ಶಂಕಿಸುತ್ತಾರೆ. ಬೆಳಕನ್ನು ಸಹಿಸದಿರುವುದು, ಕಣ್ಣಿನಲ್ಲಿ ನೀರು ಸುರಿಯುವುದು, ರೆಪ್ಪೆಗಳನ್ನು ಬಿಗಿಯಾಗಿ ಮುಚ್ಚುವುದು, ಕಾರ್ನಿಯ ಮಸುಕಾಗುವುದು ಇತರ ಲಕ್ಷಣಗಳು.

ವಯಸ್ಕರಿಗೆ ಸಾಮಾನ್ಯವಾಗಿ ಮೊದಲು ಹನಿಮದ್ದು ಅಥವಾ ಲೇಸರ್ ಚಿಕಿತ್ಸೆ. ಕೂಸಿನಲ್ಲಾದರೋ ದೋಷವು ರಚನೆಯಲ್ಲಿಯೇ ಇರುವುದರಿಂದ ಶಸ್ತ್ರಕ್ರಿಯೆಯೇ ಮುಖ್ಯ ಚಿಕಿತ್ಸೆ. ಮದ್ದು ಅದಕ್ಕೆ ನೆರವು ಮಾತ್ರ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಟೋ ಬಾರ್ಕನ್ ಎಂಬ ನೇತ್ರವೈದ್ಯರು ಕಣ್ಣಿನ ಮೇಲೆ ವಿಶೇಷ ಮಸೂರವನ್ನಿರಿಸಿ, ಕೋನವನ್ನು ಕಣ್ಣಾರೆ ನೋಡುತ್ತ, ಸಣ್ಣ ಅಲಗಿನಿಂದ ಜರಡಿಯನ್ನು ಕೊಯ್ದರು. ಜನ್ಮಜಾತ ಗ್ಲಾಕೋಮಕ್ಕೆ ಈ ವಿಧಾನವನ್ನು ಅವರು 1942ರಲ್ಲಿ ಪ್ರಕಟಿಸಿದರು. ಇದೇ ಗೋನಿಯೋಟಮಿ, ಗ್ರೀಕ್ ಭಾಷೆಯಲ್ಲಿ ‘ಗೋನಿಯ’ ಎಂದರೆ ಕೋನ.

ಕಾರ್ನಿಯವೇ ಮಸುಕಾಗಿದ್ದರೆ ಕೋನವನ್ನು ನೋಡುವುದೆಂತು? ಅದಕ್ಕೆ 1960ರಲ್ಲಿ ಬೇರೊಂದು ಮಾರ್ಗ ದೊರೆಯಿತು. ಬಿಳಿಗುಡ್ಡೆಯನ್ನು ಹೊರಗಿನಿಂದ ಕೊಯ್ದು, ಜರಡಿಯ ಹಿಂದಿರುವ ಶ್ಲೆಮ್ ನಾಲೆಯೊಳಕ್ಕೆ ತೆಳುವಾದ ಸಲಾಕೆಯನ್ನು ತೂರಿಸಿ, ಅದನ್ನು ಒಳಮುಖವಾಗಿ ತಿರುಗಿಸಿ ಜರಡಿಯನ್ನು ಸೀಳುವುದು. ಇದಕ್ಕೆ ಟ್ರಬೆಕ್ಯುಲಾಟಮಿ ಎಂದು ಹೆಸರು.

ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 10,000 ಶಿಶುಗಳಲ್ಲಿ ಒಂದಕ್ಕೆ ಈ ರೋಗವುಂಟು. ಆಂಧ್ರಪ್ರದೇಶದಲ್ಲಿ 1998ರಲ್ಲಿ ಪ್ರಕಟವಾದ ಅಂದಾಜಿನಂತೆ 3,300ರಲ್ಲಿ ಒಂದಕ್ಕೆ. ದೋಷವುಳ್ಳ ಜೀನು ತಂದೆತಾಯಿಗಳಿಬ್ಬರಿಂದಲೂ ಬಂದಾಗ ರೋಗ ತಲೆದೋರುವುದುಂಟು; ಆದುದರಿಂದ ರಕ್ತಸಂಬಂಧಿಗಳ ವಿವಾಹದಲ್ಲಿ ಅದರ ಸಂಭವ ಹೆಚ್ಚು.

ನಶಿಸಿದ ನರವನ್ನು ಯಾವ ಶಸ್ತ್ರವೂ ಮರಳಿ ಕೊಡಲಾರದು; ಉಳಿದುದನ್ನು ಕಾಪಾಡಬಲ್ಲದು. ಶಸ್ತ್ರಕ್ರಿಯೆಯಾದ ಮೇಲೂ ಒತ್ತಡವನ್ನು ಜೀವನವಿಡೀ ಪರೀಕ್ಷಿಸುತ್ತಿರಬೇಕು. ಮನೆಯ ಕೂಸು ಬೆಳಕಿಗೆ ಹೆದರಿ ಮುಖ ಮರೆಸಿಕೊಂಡರೆ, ನಾವು ತಡಮಾಡದೆ ನೇತ್ರವೈದ್ಯರ ಬಳಿಗೆ ಕರೆದೊಯ್ಯೋಣ.