ಚಳಿಗಾಲದ ಮುಂಜಾವು, ಹಕ್ಕಿ ಮತ್ತು ಆರೋಗ್ಯ

ಮುಂಬಯಿಯಂತಹ ಮಹಾನಗರದಲ್ಲಿ ನಮ್ಮ ಬಹುತೇಕ ಹೊತ್ತು ಲೋಕಲ್ ರೈಲಿನಲ್ಲಿ, ಕಚೇರಿಯ ಮೇಜಿನ ಮುಂದೆ, ಇಕ್ಕಟ್ಟಾದ ಮನೆಯಲ್ಲಿ ಕಳೆದುಹೋಗುತ್ತದೆ. ವೈದ್ಯರು ನಡೆಯಿರೆಂದರೆ ನಾಲ್ಕು ದಿನ ನಡೆದು ಬೇಸರದಿಂದ ಬಿಡುವವರೇ ಹೆಚ್ಚು. ಈ ಬೇಸರಕ್ಕೆ ಖರ್ಚಿಲ್ಲದ ಮದ್ದೊಂದುಂಟು, ಅದೇ ಪಕ್ಷಿವೀಕ್ಷಣೆ.

ಚಳಿಗಾಲವೇ ಏಕೆ?

ನವೆಂಬರಿನಿಂದ ಫೆಬ್ರವರಿಯವರೆಗೆ ಇಲ್ಲಿಯ ಹಕ್ಕಿಗಳೊಡನೆ ವಲಸೆಯ ಅತಿಥಿಗಳೂ ಸೇರುತ್ತವೆ. ಹಿಮಾಲಯದಿಂದ ಇಳಿದುಬರುವ ಬೂದು ಸಿಪಿಲೆಯ ತೂಕ ಸುಮಾರು 20 ಗ್ರಾಂ ಮಾತ್ರ. ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತ ಅದು ನೀರಿನಂಚಿನಲ್ಲಿ ಓಡಾಡುತ್ತದೆ. ಗುಲಾಬಿ ಕಬ್ಬಕ್ಕಿಗಳು ಮಧ್ಯ ಏಷ್ಯದ ಕಡೆಯಿಂದ ಹಿಂಡಾಗಿ ಬರುತ್ತವೆ. 2015ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಠಾಣೆ ಖಾಡಿಯ ಕೆಸರಿನಲ್ಲಿ ರಾಜಹಂಸಗಳು ಮೇಯುತ್ತವೆ.

ರಾತ್ರಿಯ ಚಳಿಯಲ್ಲಿ ಮೈಯ ಕಾವನ್ನು ಉಳಿಸಿಕೊಳ್ಳಲು ಹಕ್ಕಿಯು ತನ್ನ ಕೊಬ್ಬನ್ನೇ ವ್ಯಯಿಸುತ್ತದೆ. ಆದುದರಿಂದ ಬೆಳಗಾದೊಡನೆ ಅದು ಆಹಾರವನ್ನರಸುತ್ತ ಬಯಲಿಗೆ ಬರುತ್ತದೆ. ಕಂಚುಗಾರ ಹಕ್ಕಿಯು ಬೋಳು ಮರದ ತುದಿಯಲ್ಲಿ ಬಿಸಿಲು ಕಾಯಿಸುತ್ತ ಕುಳಿತಿರುವುದನ್ನು ಆಗ ಕಾಣಬಹುದು.

ಎಲ್ಲಿ, ಹೇಗೆ?

ದೂರ ಹೋಗಬೇಕಾಗಿಲ್ಲ. ಬೋರಿವಲಿಯ ರಾಷ್ಟ್ರೀಯ ಉದ್ಯಾನ, ಒಂದು ಕಾಲದ ಕಸದ ರಾಶಿಯ ಮೇಲೆ ಬೆಳೆಸಿದ ಮಾಹಿಮಿನ ನಿಸರ್ಗ ಉದ್ಯಾನ, ಇಲ್ಲವೇ ಓಣಿಯ ತುದಿಯ ಹಣ್ಣುಬಿಟ್ಟ ಅರಳಿಮರವೂ ಸಾಕು. ತಂತಿಯ ಮೇಲಿನ ಕವಲುಬಾಲದ ಕಾಜಾಣ, ಜುಟ್ಟಿನ ಪಿಕಳಾರ, ಹೂವಿಗೆರಗುವ ಸೂರಕ್ಕಿ ಇವುಗಳಿಂದ ಆರಂಭಿಸಿರಿ. ಗಾತ್ರ, ಕೊಕ್ಕು, ಬಾಲ, ನಡೆ ಈ ನಾಲ್ಕನ್ನು ಗಮನಿಸಿ ಪುಸ್ತಕದಲ್ಲಿ ಬರೆದಿಡಿರಿ. ಈ ನಗರದವರೇ ಆದ ಸಾಲಿಂ ಅಲಿಯವರು 1941ರಲ್ಲಿ ಪ್ರಕಟಿಸಿದ ಭಾರತೀಯ ಪಕ್ಷಿಗಳ ಪುಸ್ತಕವು ಇಂದಿಗೂ ಉತ್ತಮ ಸಂಗಾತಿ.

ಆರೋಗ್ಯದ ಮಾತು

ವಯಸ್ಕರಿಗೆ ವಾರಕ್ಕೆ 150 ನಿಮಿಷಗಳ ಮಧ್ಯಮ ಶ್ರಮವನ್ನಾದರೂ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ನಿಂತು ನಿಂತು ನೋಡುವುದು ಪೂರ್ಣ ವ್ಯಾಯಾಮವಲ್ಲ. ಮೊದಲು ಅರ್ಧ ಗಂಟೆ ಬಿರುಸಾಗಿ ನಡೆದು, ಅನಂತರ ವೀಕ್ಷಣೆಗೆ ನಿಲ್ಲುವುದು ಲೇಸು. ದೂರದ ಕೊಂಬೆಯನ್ನು ದಿಟ್ಟಿಸುವಾಗ ಹತ್ತಿರದ ಕೆಲಸದಿಂದ ದಣಿದ ಕಣ್ಣಿನ ಸ್ನಾಯು ಸಡಿಲಗೊಳ್ಳುತ್ತದೆ. ಹೊರಗೆ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ಕಡಿಮೆಯೆಂಬುದೂ ತಿಳಿದುಬಂದಿದೆ.

ಎಚ್ಚರವೂ ಬೇಕು. ಚಳಿಗಾಲದಲ್ಲಿ ಹೊಗೆಯು ನೆಲದ ಸಮೀಪವೇ ನಿಲ್ಲುವುದರಿಂದ ಉಬ್ಬಸ ಮತ್ತು ಹೃದ್ರೋಗವುಳ್ಳವರು ಮಬ್ಬು ಕವಿದ ದಿನ ಮನೆಯಲ್ಲಿರುವುದೇ ಕ್ಷೇಮ.

ಪಾರಿವಾಳಗಳಿಗೆ ಕಾಳು ಹಾಕುವುದನ್ನು ಪುಣ್ಯವೆಂದು ನಂಬಿದವರು ಅನೇಕರು. ಆದರೆ ಅವುಗಳ ಒಣಗಿದ ಹಿಕ್ಕೆಯ ಹಾಗೂ ಗರಿಗಳ ಧೂಳು ಉಸಿರಿನೊಡನೆ ಒಳಸೇರುತ್ತಿದ್ದರೆ ಕೆಲವರ ಶ್ವಾಸಕೋಶವು ಅಲರ್ಜಿಯಿಂದ ಬಾತು, ಕ್ರಮೇಣ ಗಡುಸಾಗಿ, ಮತ್ತೆ ಸರಿಹೋಗದಂತಾಗುತ್ತದೆ. ಒಣಕೆಮ್ಮು, ಏದುಸಿರು ವಾರಗಟ್ಟಲೆ ಕಾಡಿದರೆ ಬಾಲ್ಕನಿಯ ಪಾರಿವಾಳಗಳ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ. ಹಕ್ಕಿಯನ್ನು ದೂರದಿಂದ ನೋಡುವುದೇ ಅದಕ್ಕೂ ನಮಗೂ ಹಿತ.

ಮಕ್ಕಳಿಗಾಗಿ

ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮಿಂಚುಳ್ಳಿ, ಕೆಂಬೂತ, ಗೊರವಂಕ ಎಂಬ ಹೆಸರುಗಳೇ ಅಪರಿಚಿತ. ಊರಿನಿಂದ ಬಂದು ನಾಲ್ಕು ಗೋಡೆಗಳ ನಡುವೆ ಹೊತ್ತು ಹೋಗದೆ ಕುಳಿತ ಅಜ್ಜ ಅಜ್ಜಿಯರಿಗೆ ಅವು ಚಿರಪರಿಚಿತ. ಭಾನುವಾರ ಇಬ್ಬರನ್ನೂ ಜತೆಯಾಗಿ ಕರೆದೊಯ್ಯಿರಿ. ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿಪುಕ್ಕ'ವೂ ಕೈಯಲ್ಲಿರಲಿ. ಹಿರಿಯರ ಕಾಲಿಗೆ ನಡಿಗೆ, ಮನಸ್ಸಿಗೆ ಮಾತು. ಕಿರಿಯರ ಕಣ್ಣಿಗೆ ಬೆಳಕು, ನಾಲಗೆಗೆ ಕನ್ನಡ ದೊರೆಯುವುದು.