ಮಂಕಾದ ದೋಣಿಗೆ ಯಾವ ವ್ಯಾಕ್ಸ್?

ಮಲ್ಪೆಯ ಓದುಗರೊಬ್ಬರ ಫೈಬರ್ ದೋಣಿಯ ಹೊರಮೈ ಮಂಕಾಗಿದೆ. ಕೈಯಾಡಿಸಿದರೆ ಬಿಳಿ ಪುಡಿ ಅಂಟುತ್ತದೆ. ಯಾವ ವ್ಯಾಕ್ಸ್ ಕೊಳ್ಳಲಿ ಎಂಬುದು ಅವರ ಪ್ರಶ್ನೆ.

ಮೊದಲು ಬೇಕಿರುವುದು ರಬ್ಬಿಂಗ್ ಕಾಂಪೌಂಡ್. ಆ ಪುಡಿ ಬಿಸಿಲಿಗೆ ಕೆಟ್ಟ ಜೆಲ್‌ಕೋಟ್, ಅಂದರೆ ಫೈಬರ್ ಮೇಲಿನ ಹೊರಪದರ. ಸಿಹಿನೀರಲ್ಲಿ ಉಪ್ಪು ತೊಳೆದು, ಒಣಗಿಸಿ, ಕಾಂಪೌಂಡ್‌ನಿಂದ ಪುಡಿ ತೆಗೆದು ಪಾಲಿಶ್ ಮಾಡಬೇಕು. ಪುಡಿಯ ಮೇಲೆಯೇ ವ್ಯಾಕ್ಸ್ ಬಳಿದರೆ ಹೊಳಪು ನಿಲ್ಲದು.

ಇನ್ನು ವ್ಯಾಕ್ಸ್‌ನ ಆಯ್ಕೆ. ಬ್ರೆಜಿಲ್‌ನ ತಾಳೆ ಜಾತಿಯ ಮರದೆಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಚೆನ್ನಾಗಿ ಹೊಳೆಯುತ್ತದೆ, ಆದರೆ ಬೇಗ ಸವೆಯುತ್ತದೆ. ಸದಾ ಬಿಸಿಲಲ್ಲಿರುವ ದೋಣಿಗೆ ಪಾಲಿಮರ್ ಸೀಲೆಂಟ್ ವಾಸಿ.

ಯಾವುದನ್ನೇ ಆಗಲಿ ನೆರಳಲ್ಲಿ, ದೋಣಿಯ ಮೈ ತಣ್ಣಗಿರುವಾಗ, ಒಮ್ಮೆಗೆ 2 ಅಡಿ ಚೌಕದಷ್ಟು ಜಾಗಕ್ಕೆ ತೆಳುವಾಗಿ ಹಚ್ಚಿ, ಮಬ್ಬು ಕಟ್ಟಿದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಬೇಕು. ಓಡಾಡುವ ಡೆಕ್‌ಗೆ ಹಚ್ಚಲೇಬಾರದು, ಕಾಲು ಜಾರುತ್ತದೆ. ನೀರಿನ ಮಟ್ಟದ ಕೆಳಗೆ ಬಳಿದ ಆಂಟಿಫೌಲಿಂಗ್ ಬಣ್ಣಕ್ಕೂ ವ್ಯಾಕ್ಸ್ ಬೇಡ.